ಹಗ್ಗದ ಆ ತುದಿಯಲ್ಲಿದ್ದವರಿಗೆ

ಅಣ್ಣ ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಸಿಯಾಚಿನ್‌ನಲ್ಲಿ ಮೂರು ತಿಂಗಳು ಮುಗಿಸಿ ಇಳಿದು ಬಂದಿದ್ದಾನೆ. ಎಡಗೈಯ ಎರಡು ಬೆರಳ ತುದಿ ಕಪ್ಪಾಗಿವೆ, ತಣ್ಣೀರು ತಾಗಿದರೆ ಉರಿಯುತ್ತದೆ ಅಂತಾನೆ. ಅಷ್ಟು ಬಿಟ್ಟರೆ ಆರಾಮಾಗಿದ್ದಾನೆ. ಅವ್ವ ರೊಟ್ಟಿ ಬಡಿಯಲು ಕೂತರೆ ಇವನೂ ಒಲೆ ಪಕ್ಕ ಮಣೆ ಹಾಕಿಕೊಂಡು ಕೂತುಬಿಡುತ್ತಾನೆ. ಬಿಸಿ ರೊಟ್ಟಿ ಕೊಟ್ಟರೆ ತಕ್ಷಣ ತಿನ್ನುವುದಿಲ್ಲ. ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಸುಮ್ನೆ ಹಿಡಿದುಕೊಂಡಿರುತ್ತಾನೆ.

ಅವನು ಕ್ಷೇಮವಾಗಿ ಬರಲಿ ಅಂತ ಹರಕೆ ಹೊತ್ತವರಿಗೆ, ದಿನಾ ವಿಚಾರಿಸಿದವರಿಗೆ ಮೊದಲು ಕೈಮುಗಿಯುತ್ತೇನೆ. ಆದರೆ ನಾನು ಇದನ್ನು ಬರೆಯಲು ಕೂತಿದ್ದು ಬೇರೆ ಕೆಲವರಿಗಾಗಿ. ಅವರ ಹೆಸರು ನನಗೆ ಗೊತ್ತಿಲ್ಲ. ಅಣ್ಣ ಅವರನ್ನು 'ನಮ್ಮ ಹುಡುಗರು' ಅಂತ ಮಾತ್ರ ಕರೀತಾನೆ.

ಬಂದ ಮೂರನೇ ರಾತ್ರಿ, ಅವ್ವ ಮಲಗಿದ ಮೇಲೆ ಹೇಳಿದ. ಹಿಮನದಿಯ ಮೇಲೆ ಒಬ್ಬೊಬ್ಬರೇ ನಡೆಯುವ ಹಾಗಿಲ್ಲವಂತೆ. ಮಂಜಿನಲ್ಲಿ ದೊಡ್ಡ ದೊಡ್ಡ ಬಿರುಕು ಇರುತ್ತವೆ, ಅವುಗಳ ಬಾಯಿ ಮೇಲೆ ಹೊಸ ಹಿಮ ಬಿದ್ದು ಮುಚ್ಚಿರುತ್ತದೆ. ನೋಡಿದರೆ ಗಟ್ಟಿ ನೆಲ, ಕಾಲಿಟ್ಟರೆ ಪಾತಾಳ. ಅದಕ್ಕೇ ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬ ಬಿದ್ದರೆ ಉಳಿದವರು ಹಿಮಕೊಡಲಿ ನೆಟ್ಟು, ಮೈಚೆಲ್ಲಿ ಬಿದ್ದು ಅವನನ್ನು ಹಿಡಿಯಬೇಕು. ಒಂದು ಬೆಳಗಿನ ಜಾವ ಬಿದ್ದವನು ನಮ್ಮಣ್ಣನೇ. 'ಎದಿಮಟ ಹೋಗಿದ್ದೆ. ಕೆಳಗ ಕಾಲಿಗೆ ಏನೂ ಸಿಗಲಿಲ್ಲ. ಹಗ್ಗ ಬಿಗಿ ಆತು ನೋಡು' ಅಂದ. ಅಷ್ಟೇ ಹೇಳಿ ಸುಮ್ಮನಾದ. ನನಗೆ ಬೆಳಗಿನ ತನಕ ನಿದ್ದೆ ಬರಲಿಲ್ಲ.

ಅವನದು ಮದ್ರಾಸ್ ರೆಜಿಮೆಂಟ್. ಆ ಹಗ್ಗದಲ್ಲಿ ಇವನ ಮುಂದೆ ಒಬ್ಬ ತಮಿಳಿನವನು, ಹಿಂದೆ ಒಬ್ಬ ಕೇರಳದವನು ಇದ್ದರಂತೆ. ತಮ್ಮಂದಿರಾ, ಅವತ್ತು ನೀವು ಹಗ್ಗ ಹಿಡಿದಿದ್ದಕ್ಕೆ ನಮ್ಮ ಮನೆಯಲ್ಲಿ ಇವತ್ತು ಒಲೆ ಮುಂದೆ ಇನ್ನೊಂದು ಮಣೆ ಇದೆ.

ಸಿಯಾಚಿನ್ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಎದೆ ಧಸಕ್ ಅನ್ನುತ್ತದೆ. 2016ರ ಫೆಬ್ರುವರಿ 3ರಂದು ಅಲ್ಲಿನ ಸೋನಮ್ ಅನ್ನೋ ಸೇನಾ ಠಾಣೆ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಹೂತು ಹೋದರು. ಅವರಲ್ಲಿ ಮೂವರು ನಮ್ಮ ರಾಜ್ಯದವರೇ. ಹಾಸನದ ಕಡೆಯ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಮಹೇಶ್, ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಹನುಮಂತಪ್ಪನವರು ಆರು ದಿನ ಆದಮೇಲೆ, 25 ಅಡಿ ಹಿಮದ ಕೆಳಗಿನಿಂದ ಜೀವಂತ ಸಿಕ್ಕಾಗ ನಮ್ಮ ಓಣಿಯಲ್ಲಿ ಜನ ಬೀದಿಗೆ ಬಂದು ಅತ್ತಿದ್ದರು. ಫೆಬ್ರುವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಪ್ಪನ ಜೊತೆ ನಾನೂ ಬೆಟದೂರಿಗೆ ಹೋಗಿದ್ದೆ. ಹತ್ತಿರ ಹೋಗಲು ಆಗಲೇ ಇಲ್ಲ, ಅಷ್ಟು ಜನ. ಅಪ್ಪ ಹೊಲದ ಬದುವಿನ ಮೇಲೆ ನಿಂತು ಟವೆಲ್ ತೆಗೆದು ಎದೆಗೆ ಒತ್ತಿಕೊಂಡಿದ್ದು ಈಗಲೂ ಕಣ್ಣ ಮುಂದಿದೆ.

ಆಗ ನಾನು ಸತ್ತವರ ಬಗ್ಗೆ ಮಾತ್ರ ಯೋಚಿಸಿದ್ದೆ. ಆರು ದಿನ ಅಗೆದವರನ್ನು ನೆನೆದಿರಲಿಲ್ಲ. 19 ಸಾವಿರ ಅಡಿಗೂ ಮೇಲೆ ನಾಲ್ಕು ಹೆಜ್ಜೆ ಹಾಕಿದರೇ ಏದುಸಿರು ಬರುತ್ತದೆ. ಅಂಥಲ್ಲಿ ಕಲ್ಲಿನಂಥ ಹಿಮ ಕೊರೆದು, ನಮ್ಮೂರ ಮಗನನ್ನು ಉಸಿರಿರುವಾಗಲೇ ಹೊರತೆಗೆದವರು ಅವರು. ಡಾಟ್, ಮಿಶಾ ಅನ್ನೋ ಎರಡು ನಾಯಿಗಳೂ ಜೊತೆಗಿದ್ದವು. ಇಷ್ಟು ತಡವಾಗಿಯಾದರೂ ಅವರಿಗೂ ನನ್ನ ನಮಸ್ಕಾರ.

1984ರ ಏಪ್ರಿಲ್ 13ರಂದು ನಮ್ಮ ಸೇನೆ ಅಲ್ಲಿಗೆ ಹತ್ತಿತು. ಅವತ್ತಿನಿಂದ ಗುಂಡಿಗಿಂತ ಚಳಿ, ಹಿಮ ತೆಗೆದುಕೊಂಡ ಜೀವವೇ ಜಾಸ್ತಿ. ಅಲ್ಲಿ ಮೊಟ್ಟೆ ಕಲ್ಲಾಗುತ್ತದೆ. ಕುಡಿಯುವ ನೀರು ಬೇಕಂದರೆ ಸೀಮೆಎಣ್ಣೆ ಸ್ಟೋವ್ ಮೇಲೆ ಹಿಮ ಕರಗಿಸಬೇಕು. ಆ ಸೀಮೆಎಣ್ಣೆ ಮುಟ್ಟಿಸುವ ಚೀತಾ ಹೆಲಿಕಾಪ್ಟರ್‌ನವರಿಗೆ, ಬೆನ್ನ ಮೇಲೆ ಸಾಮಾನು ಹೊರುವ ಲಡಾಖಿನ ಹಮಾಲರಿಗೆ ನಾವು ಋಣಿ. ವಾರಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಿದ್ದ ನಾಲ್ಕು ನಿಮಿಷವನ್ನು ಒಮ್ಮೆ ಅಣ್ಣನಿಗೆ ಬಿಟ್ಟುಕೊಟ್ಟ ಆಂಧ್ರದ ಹುಡುಗನೊಬ್ಬನಿದ್ದಾನೆ. ಅವತ್ತು ಅವ್ವನಿಗೆ ಜ್ವರ ಇತ್ತು. ಅವನ ತಾಯಿ ಆ ವಾರ ಫೋನ್ ಪಕ್ಕ ಕಾದು ಕೂತಿರಬೇಕು ಅಲ್ವಾ? ಆ ತಾಯಿಗೂ ನಮ್ಮ ಅವ್ವನ ಪರವಾಗಿ ಶರಣು.

ಮುಂದಿನ ವಾರ ಅಣ್ಣ ವಾಪಸ್ ಹೊರಡುತ್ತಾನೆ. ಅವ್ವನಿಗೆ ಹಗ್ಗದ ವಿಷಯ ಹೇಳಬಾರದು ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ಅವಳಿಗೆ ಹೇಗೋ ಗೊತ್ತಾಗಿದೆ. ಏನೂ ಕೇಳಲಿಲ್ಲ. ನಿನ್ನೆಯಿಂದ ಶೇಂಗಾ ಹುರಿಯುತ್ತಿದ್ದಾಳೆ. ಸಂಜೆ ಅಣ್ಣನನ್ನು ಕರೆದು, 'ಆ ಹಗ್ಗದಾಗ ಒಟ್ಟು ಎಷ್ಟ ಮಂದಿ ಇದ್ರಿ?' ಅಂದಳು. ಅಣ್ಣ 'ಆರು' ಅಂದ. 'ತಲಿಗೆ ಹತ್ತರಂಗ ಹೋಳಿಗಿ ಕಟ್ಟತೀನಿ. ನೀನ ಕೈಯಾರೆ ಕೊಡಬೇಕು' ಅಂತ ಹೇಳಿ ಮತ್ತೆ ಒಲೆ ಕಡೆ ತಿರುಗಿದಳು.