ಕೆಂಪು ಗೆರೆ ಎಳೆದ ಎರಡು ಪ್ಯಾರಾ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬಿದ್ದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಲೇಖನ ಬಂದಿತ್ತು. ಮೊದಲು ನಾನು ಓದಿದೆ. ಆಮೇಲೆ ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗಳು ಭಾಷಣ ಸ್ಪರ್ಧೆಗೆ ಬೇಕು ಅಂತ ಕತ್ತರಿಸಿ ಇಟ್ಟುಕೊಂಡಳು. ಲೇಖನ ಓದಿಸಿಕೊಂಡು ಹೋಯಿತು, ನಿಜ. ಆದರೆ ಗುಲಾಮರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ದೈವಭಕ್ತರು ಧರ್ಮದ ಮೇಲೆ ಕಟ್ಟಿದ ದೇಶ ಎಂಬ ಮಾತು ಮಾತ್ರ ಎರಡು ಕಡೆ ಬಂದಿತ್ತು. ಬಿಟ್ಟುಹೋದದ್ದನ್ನು ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ನನ್ನ ಊರು ಹುಬ್ಬಳ್ಳಿ ಹತ್ತಿರದ ಕುಸುಗಲ್ಲ. ಹುಬ್ಬಳ್ಳಿಯ ಒಂದು ಹತ್ತಿ ಅಡತಿ ಅಂಗಡಿಯಲ್ಲಿ 34 ವರ್ಷ ಗುಮಾಸ್ತನಾಗಿದ್ದೆ. ಅಮೆರಿಕಕ್ಕೂ ನಮ್ಮೂರಿಗೂ ಹಳೆಯ ನಂಟಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತಿ ಬೆಳೆಯುವವರನ್ನು ಸಂಬಳ ಕೊಟ್ಟು ಕರೆಸಿತು. ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದರು. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಎರಿ ಭೂಮಿಗೆ ಹೊಂದಿಕೊಂಡಿತು. ಜನ ಅದನ್ನು ವಿಲಾಯತಿ ಹತ್ತಿ ಅಂದರು. ಮೊದಲಿನಿಂದ ಇದ್ದದ್ದು ಜವಾರಿ ಹತ್ತಿ ಆಯಿತು. ವ್ಯಾಪಾರಸ್ಥರ ಬಾಯಲ್ಲಿ ಹೊಸ ಹತ್ತಿಗೆ ಧಾರವಾಡ ಅಮೆರಿಕನ್ ಅಂತ ಹೆಸರು.

ಈ ಕಥೆಯನ್ನು ನಾನು ಮೊಮ್ಮಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಅವಳು ಕೇಳಿದಳು, "ಅಜ್ಜಾ, ಅವರ ಊರಾಗ ಹತ್ತಿ ಬಿಡಿಸೋರು ಯಾರಿದ್ರು?"

34 ವರ್ಷ ಹತ್ತಿಯ ಲೆಕ್ಕ ಬರೆದವನು ನಾನು. ಆ ಪ್ರಶ್ನೆ ನನಗೆ ಒಂದು ದಿನವೂ ಬಂದಿರಲಿಲ್ಲ. ಅವತ್ತಿನಿಂದ ಲೈಬ್ರರಿಗೆ ಹೋಗಿ ಓದತೊಡಗಿದೆ, ಅವಳಿಗೂ ಓದಿ ಹೇಳಿದೆ.

1793ರಲ್ಲಿ ಎಲಿ ವಿಟ್ನಿ ಹತ್ತಿಕಾಳು ಬೇರೆ ಮಾಡುವ ಜಿನ್ ತಯಾರಿಸಿದ. ಕಾಳಿನಿಂದ ಅರಳೆ ಬೇರೆ ಮಾಡುವ ಕೆಲಸ ಹಗುರವಾಯಿತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಗುಲಾಮರ ಕೆಲಸ ಹಗುರವಾಗಲಿಲ್ಲ. ಜಿನ್ನಿಗೆ ಹಾಕಲು ಜಾಸ್ತಿ ಹತ್ತಿ ಬೇಕು, ಜಾಸ್ತಿ ಹತ್ತಿಗೆ ಜಾಸ್ತಿ ಹೊಲ, ಹೊಲಕ್ಕೆ ಜಾಸ್ತಿ ಗುಲಾಮರು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಸುಮಾರು 40 ಲಕ್ಷ ಆದರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಆ ಹತ್ತಿ ನಿಂತಿತು. ಆಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಘಟ್ಟ ಇಳಿದು ಕುಮಟಾ ಬಂದರಿಗೆ ಚಕ್ಕಡಿ ಸಾಲುಗಟ್ಟಿದವು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಅಲ್ಲಿನ ಗುಲಾಮರ ಬಿಡುಗಡೆಗೆ ಜನ ಸಾಯುತ್ತಿದ್ದಾಗ ಇಲ್ಲಿ ನಮ್ಮ ಹಿರಿಯರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಇದನ್ನು ನಾವು ತಿಳಿದಿರಬೇಕು, ಅಲ್ವಾ?

ಮೊಮ್ಮಗಳು ಇದೆಲ್ಲ ಕೇಳಿ ಭಾಷಣಕ್ಕೆ ಎರಡು ಪ್ಯಾರಾ ಸೇರಿಸಿದಳು. ಶಾಲೆಯಲ್ಲಿ ತಿದ್ದಿದವರು ಆ ಎರಡಕ್ಕೂ ಕೆಂಪು ಗೆರೆ ಎಳೆದರು. ಒಳ್ಳೆಯ ಭಾಷಣದಲ್ಲಿ ಇಂಥ ಕಹಿ ಯಾಕೆ, ನಮಗೂ ಅದಕ್ಕೂ ಏನು ಸಂಬಂಧ ಅಂದರಂತೆ. ಹುಡುಗಿ ಮನೆಗೆ ಬಂದು ಊಟ ಮಾಡದೆ ಮಲಗಿದಳು.

ಮೊದಲ ಪ್ಯಾರಾ ಯಾವುದರ ಬಗ್ಗೆ ಗೊತ್ತಾ? ಅದೂ ಹೊಡೆದು ಹಾಕಿದ ಮಾತಿನ ಬಗ್ಗೆಯೇ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಬರೆದ ಥಾಮಸ್ ಜೆಫರ್ಸನ್, ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನೂ ಖಂಡಿಸಿದ್ದರು. ಅದರ ತಪ್ಪನ್ನು ಇಂಗ್ಲೆಂಡಿನ ರಾಜನ ತಲೆಗೆ ಕಟ್ಟಿದ್ದರು. 1776ರ ಜುಲೈನಲ್ಲಿ, ಘೋಷಣೆಯನ್ನು ಒಪ್ಪಲು ಸೇರಿದ್ದ ಪ್ರತಿನಿಧಿಗಳ ಸಭೆ ಆ ಭಾಗವನ್ನೇ ತೆಗೆಯಿತು. ದಕ್ಷಿಣ ಕೆರೊಲಿನಾ, ಜಾರ್ಜಿಯಾದವರು ಒಪ್ಪಲಿಲ್ಲ, ಗುಲಾಮರನ್ನು ಹಡಗಿನಲ್ಲಿ ಸಾಗಿಸುತ್ತಿದ್ದ ಉತ್ತರದವರಿಗೂ ಅದು ಚುಚ್ಚಿತು ಎಂದು ಜೆಫರ್ಸನ್ನರೇ ಬರೆದಿದ್ದಾರೆ. ಬರೆದವರ ಮನೆಯ ಕಥೆ ಇನ್ನೂ ಸಂಕಟದ್ದು. ಜೀವಮಾನದಲ್ಲಿ ಅವರ ಒಡೆತನದಲ್ಲಿ 600ಕ್ಕೂ ಹೆಚ್ಚು ಗುಲಾಮರಿದ್ದರು. ಉಯಿಲಿನಲ್ಲಿ ಬಿಡುಗಡೆ ಸಿಕ್ಕಿದ್ದು ಐವರಿಗೆ. ಅವರು ತೀರಿಕೊಂಡ ಮೇಲೆ ಸಾಲಕ್ಕಾಗಿ 100ಕ್ಕೂ ಹೆಚ್ಚು ಜನರನ್ನು ಹರಾಜಿಗೆ ಇಟ್ಟರು.

ಹರಾಜು ಅಂದರೆ ಏನು ಅಂತ ನನಗೆ ಗೊತ್ತು. ಹತ್ತಿ ತುಂಬಿದ ಅಂಡಿಗೆಯೊಳಗೆ ಕೈ ಹಾಕಿ ಅರಳೆ ಎಳೆಯುತ್ತಾರೆ, ಎಳೆಯ ಉದ್ದ ನೋಡುತ್ತಾರೆ, ಬೆಲೆ ಕೂಗುತ್ತಾರೆ. ಮನುಷ್ಯರ ಹಲ್ಲು, ತೋಳು ಮುಟ್ಟಿ ನೋಡಿ ಹಾಗೇ ಬೆಲೆ ಕೂಗುತ್ತಿದ್ದರು ಅಂತ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

1787ರ ಸಂವಿಧಾನವೂ ಹಾಗೇ. ಅದರಲ್ಲಿ ಗುಲಾಮ ಎಂಬ ಪದವೇ ಇಲ್ಲ, ಆದರೆ ಗುಲಾಮರ ಲೆಕ್ಕ ಇದೆ. ಪ್ರತಿನಿಧಿಗಳನ್ನು ಹಂಚುವಾಗ ಐದು ಗುಲಾಮರನ್ನು ಮೂರು ಜನ ಅಂತ ಹಿಡಿದರು. ಅವರಿಗೆ ಓಟಿಲ್ಲ, ಅವರ ತಲೆ ಎಣಿಸಿ ಸಿಕ್ಕ ಸೀಟು ಒಡೆಯರಿಗೆ. ತೂಕದ ಚೀಟಿ ಬರೆದವನಾಗಿ ಹೇಳುತ್ತೇನೆ, ಇಂಥ ಮೋಸದ ಲೆಕ್ಕ ನಾನು ಪೇಟೆಯಲ್ಲೂ ನೋಡಿಲ್ಲ.

ಇನ್ನು ಧರ್ಮದ ಮಾತು. ಘೋಷಣೆಯಲ್ಲಿ ಸೃಷ್ಟಿಕರ್ತನ ಹೆಸರಿದೆ, ಸರಿ. ಆದರೆ ಸಂವಿಧಾನದಲ್ಲಿ, ಕೊನೆಗೆ ತಾರೀಖು ಬರೆಯುವಾಗಿನ ಮಾಮೂಲಿ ಮಾತು ಬಿಟ್ಟರೆ, ದೇವರ ಹೆಸರಿಲ್ಲ. ಸರ್ಕಾರಿ ಹುದ್ದೆಗೆ ಯಾರ ಧರ್ಮವನ್ನೂ ಪರೀಕ್ಷಿಸಬಾರದು ಅಂತ ಆರನೇ ವಿಧಿ ಹೇಳುತ್ತದೆ. ಸರ್ಕಾರಿ ಧರ್ಮ ಇರಬಾರದು, ಯಾರ ಪೂಜೆಗೂ ಅಡ್ಡಿ ಬರಬಾರದು ಅಂತ 1791ರ ಮೊದಲ ತಿದ್ದುಪಡಿಯಲ್ಲಿದೆ. ಇದನ್ನು ಲೇಖನದಲ್ಲಿ ಹೇಳಬೇಕಿತ್ತು. ಗುಲಾಮರ ವಿಷಯದಲ್ಲಂತೂ ಧರ್ಮ ಎರಡೂ ಕಡೆ ನಿಂತಿತ್ತು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಕೆಲವರು 1688ರಲ್ಲೇ ಇದು ತಪ್ಪು ಅಂತ ಬರೆದುಕೊಟ್ಟಿದ್ದರು. ಗುಲಾಮರ ಒಡೆಯರೂ ಬೈಬಲ್ ತೋರಿಸಿಯೇ ವಾದ ಮಾಡಿದರು. ಇದೇ ಜಗಳದಲ್ಲಿ 1845ರಲ್ಲಿ ಬ್ಯಾಪ್ಟಿಸ್ಟ್ ಎಂಬ ಇನ್ನೊಂದು ಕ್ರೈಸ್ತ ಪಂಥದವರು ಒಡೆದು ದಕ್ಷಿಣದವರು ಬೇರೆಯಾದರು. ಅವರು ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ.

ಎರಡನೇ ಪ್ಯಾರಾ ಫ್ರೆಡರಿಕ್ ಡಗ್ಲಸ್ ಬಗ್ಗೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. 1852ರ ಜುಲೈ 5ರಂದು ರಾಚೆಸ್ಟರ್ ಊರಿನಲ್ಲಿ ಅವರನ್ನು ಸ್ವಾತಂತ್ರ್ಯದ ಭಾಷಣಕ್ಕೆ ಕರೆದಿದ್ದರು. ಎದುರಿಗೆ ಕೂತ ಬಿಳಿಯರಿಗೆ ಅವರು ಹೇಳಿದರು, ಈ ಜುಲೈ ನಾಲ್ಕು ನಿಮ್ಮದು, ನನ್ನದಲ್ಲ. ಗುಲಾಮಗಿರಿಗೆ ಬೆಂಬಲ ಕೊಟ್ಟ ಚರ್ಚುಗಳನ್ನೂ ಬಿಡಲಿಲ್ಲ. ಆದರೆ ಅದೇ ಭಾಷಣದಲ್ಲಿ, ಸರಿಯಾಗಿ ಓದಿದರೆ ಸಂವಿಧಾನ ಸ್ವಾತಂತ್ರ್ಯದ ಕಾಗದವೇ ಅಂದರು. ಇದು ನನ್ನ ಮನಸ್ಸಿಗೆ ನಾಟಿತು. ಆ ಕಾಗದವನ್ನು ಅವರು ಹರಿದು ಎಸೆಯಲಿಲ್ಲ. ಬರೆದವರ ಮಕ್ಕಳ ಮುಂದೆ ಹಿಡಿದು, ಬರೆದಂತೆ ನಡೆಯಿರಿ ಅಂತ ಕೇಳಿದರು. 1865ರಲ್ಲಿ 13ನೇ ತಿದ್ದುಪಡಿ ಬಂದು ಗುಲಾಮಗಿರಿ ಕಾನೂನಿನಿಂದ ಹೋಯಿತು. ನಮಗೇನು ಸಂಬಂಧ ಅನ್ನುವವರಿಗೆ ಇನ್ನೊಂದು ಮಾತು. ಪುಣೆಯ ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಶೂದ್ರ, ಅತಿಶೂದ್ರರ ಬಿಡುಗಡೆಗೆ ನಮ್ಮವರೂ ಹಾಗೆ ದುಡಿಯಲಿ ಅಂತ ಅವರ ಆಸೆ.

ಶಾಲೆಯವರ ಮೇಲೆ ದೂರು ಕೊಡಲು ನಾನು ಬರೆದಿಲ್ಲ. ಮೊಮ್ಮಗಳು ಆ ಎರಡು ಪ್ಯಾರಾ ಬಿಟ್ಟು ಮಾತಾಡಲು ಒಪ್ಪದೆ ಸ್ಪರ್ಧೆಯಿಂದ ಹೆಸರು ತೆಗೆಸಿದ್ದಾಳೆ. ಅವುಗಳನ್ನು ಅವಳ ಕೈಬರಹದಲ್ಲೇ ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಸಾಲದಿದ್ದರೆ ನನ್ನ ಪತ್ರ ಬಿಡಿ, ಅವಳದನ್ನು ಹಾಕಿ.

ನಿಮ್ಮ ಓದುಗ,
ನಿವೃತ್ತ ಅಡತಿ ಗುಮಾಸ್ತ, ಕುಸುಗಲ್ಲ, ಹುಬ್ಬಳ್ಳಿ ತಾಲೂಕು