ನಂಬರ್ ಕೊಟ್ಟ ಮಾತ್ರಕ್ಕೆ ಕರೆ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಆರೋಗ್ಯ ಸಲಹೆಗೆ 104, ಆಂಬುಲೆನ್ಸ್‌ಗೆ 108, ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯ ನಾಗರಿಕರಿಗೆ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್‌ನ 14416, ಪಡಿತರಕ್ಕೆ 1967, ಸರ್ಕಾರಿ ಕಚೇರಿಗಳ ಮೇಲಿನ ದೂರಿಗೆ 1902. ಕರ್ನಾಟಕದಲ್ಲಿ ಸಹಾಯವಾಣಿಗಳಿಗೆ ಬರವಿಲ್ಲ. ಆದರೆ ಜನರ ಕಷ್ಟ ಇಲಾಖೆವಾರು ವಿಂಗಡಣೆಯಾಗಿ ಬರುವುದಿಲ್ಲ. ಮನೆಯ ಹಿರಿಯರಿಗೆ ಲಕ್ವ ಹೊಡೆಯಿತು ಎನ್ನಿ. ಆ ಮನೆಗೆ ಫಿಸಿಯೋಥೆರಪಿ ಬೇಕು, ಗಾಲಿಕುರ್ಚಿ ಬೇಕು, ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಪಿಂಚಣಿ ಬೇಕು. ಇವು ಕನಿಷ್ಠ ಮೂರು ಇಲಾಖೆಗಳ ಕೆಲಸ. ಯಾವುದಕ್ಕೆ ಯಾವ ನಂಬರ್ ಎಂದು ವಿಂಗಡಿಸುವ ಹೊಣೆ ಕರೆ ಮಾಡಿದವರ ತಲೆಯ ಮೇಲೆ ಬೀಳಬಾರದು. ಹಾಗಾಗಿ ಎಲ್ಲ ಸೇವೆಗಳಿಗೂ ಒಂದೇ ನಂಬರಿನ ಸಹಾಯವಾಣಿ, ಅಂದರೆ ಒಂದೇ ಬಾಗಿಲು, ಬೇಕೆನ್ನುವ ಮಾತು ಸರಿಯೇ. ಆದರೆ ಆ ಬಾಗಿಲ ಹಿಂದೆ ಆಗಬೇಕಾದ ಕೆಲಸದ ಬಗ್ಗೆ ಚರ್ಚೆ ಕಡಿಮೆ. ಸಹಾಯವಾಣಿ ಮತ್ತು ಸಮಾಜಸೇವಾ ಕ್ಷೇತ್ರದಲ್ಲಿ ದುಡಿಯುವ ನಾವು ಕೆಲವು ಅಂಶಗಳನ್ನು ಸರ್ಕಾರದ ಗಮನಕ್ಕೆ ತರಬಯಸುತ್ತೇವೆ.

ಸಹಾಯವಾಣಿಯ ಜೀವಾಳ ಅದರ ಮಾಹಿತಿ ಕೋಶ. ಫೋನ್ ಎತ್ತುವವರು ಎಷ್ಟೇ ನಯವಾಗಿ ಮಾತನಾಡಲಿ, ಎದುರಿನ ಪರದೆಯಲ್ಲಿರುವುದು ಹಳೆಯ ಮಾಹಿತಿಯಾದರೆ ಕರೆ ಮಾಡಿದವರಿಗೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ನಷ್ಟ. ಒಂದೇ ಒಂದು ನಮೂದನ್ನು ಹತ್ತಿರದಿಂದ ನೋಡೋಣ. 'ಅಂಗವೈಕಲ್ಯ ಪ್ರಮಾಣಪತ್ರ: ಜಿಲ್ಲಾ ಆಸ್ಪತ್ರೆ, ಬೆಳಿಗ್ಗೆ 10ರಿಂದ' ಎಂದಷ್ಟೇ ಬರೆದಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. 2021ರ ಜೂನ್ 1ರಿಂದ ಈ ಪ್ರಮಾಣಪತ್ರವನ್ನು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ (ಯುಡಿಐಡಿ) ಪೋರ್ಟಲ್ ಮೂಲಕವೇ ಕೊಡಬೇಕು. ಆದ್ದರಿಂದ ಮೊದಲು ನೋಂದಣಿ ಆಗಬೇಕು, ಆಮೇಲೆ ಆಸ್ಪತ್ರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಯಾವುದಕ್ಕೆ ಯಾವ ವಾರ ತಜ್ಞರು ಕೂರುತ್ತಾರೆ? ಶ್ರವಣ ದೋಷಕ್ಕೆ ಬೇಕಾದ, ಶಬ್ದಕ್ಕೆ ಮೆದುಳಿನ ಸ್ಪಂದನೆ ಅಳೆಯುವ ಬೆರಾ ಪರೀಕ್ಷೆ ಅಲ್ಲೇ ಆಗುತ್ತದೆಯೋ, ಬೇರೆ ಊರಿಗೆ ಕಳಿಸುತ್ತಾರೋ? ಕೊಠಡಿ ಮೊದಲ ಮಹಡಿಯಲ್ಲಿದ್ದರೆ ಲಿಫ್ಟ್ ಇದೆಯೇ? ಯಾವ ದಾಖಲೆಗಳ ಮೂಲಪ್ರತಿ ಬೇಕು, ಯಾವುದಕ್ಕೆ ಜೆರಾಕ್ಸ್ ಸಾಕು? ಈ ಮಾಹಿತಿಯನ್ನು ಕೊಟ್ಟವರು ಯಾರು, ಯಾವ ದಿನ ಕೊಟ್ಟರು? ಇಷ್ಟೂ ಇದ್ದರೆ ಮಾತ್ರ ಅದು ನಮೂದು. ರಾಜ್ಯದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. 'ತಾಲ್ಲೂಕು ಆಸ್ಪತ್ರೆಗೆ ಹೋಗಿ' ಎಂದಷ್ಟೇ ಹೇಳಿಸಿಕೊಂಡವರು ಗುರುವಾರ ಹೋಗಿ ಬರಿಗೈಲಿ ಬಂದರೆ ಮತ್ತೆ ಹೋಗುವುದು ಅನುಮಾನ.

ಮಾಹಿತಿ ಹಳಸುವುದಕ್ಕೆ ಕಾರಣಗಳು ಗೊತ್ತಿರುವಂಥವೇ. ಅಧಿಕಾರಿಯ ಸ್ವಂತ ಮೊಬೈಲ್ ನಂಬರನ್ನು ಕಚೇರಿಯ ನಂಬರ್ ಎಂದು ದಾಖಲಿಸುತ್ತಾರೆ. ಸಾರ್ವತ್ರಿಕ ವರ್ಗಾವಣೆಯಲ್ಲಿ ಅಧಿಕಾರಿ ಹೋದಾಗ ನಂಬರೂ ಅವರ ಜೊತೆಗೇ ಹೋಗುತ್ತದೆ. ಅರ್ಜಿಗೆ ಬೇಕಾದ ದಾಖಲೆಗಳ ಪಟ್ಟಿ ಸುತ್ತೋಲೆಯಲ್ಲಿ ಬದಲಾಗುತ್ತದೆ, ಸುತ್ತೋಲೆ ಕಾಲ್ ಸೆಂಟರ್ ತಲುಪುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿ ಸರಿಪಡಿಸುವುದು ಯಾರ ಕೆಲಸವೂ ಅಲ್ಲ. ಇದಕ್ಕೆ ದೊಡ್ಡ ಪಡೆಯೇನೂ ಬೇಕಿಲ್ಲ. ಜಿಲ್ಲೆಗೆ 400 ನಮೂದುಗಳಿವೆ ಎಂದಿಟ್ಟುಕೊಂಡರೆ 31 ಜಿಲ್ಲೆಗಳಿಗೆ 12,400. ಪ್ರತಿಯೊಂದನ್ನೂ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಂಡರೆ ವರ್ಷಕ್ಕೆ 49,600 ಪರಿಶೀಲನೆ. ಒಬ್ಬರು ದಿನಕ್ಕೆ 25ರಂತೆ ವರ್ಷಕ್ಕೆ 240 ದಿನ ಮಾಡಿದರೆ 6,000. ಅಂದರೆ ಇಡೀ ರಾಜ್ಯಕ್ಕೆ ಒಂಬತ್ತು ಜನ ಸಾಕು. ಆದರೆ ಈ ಒಂಬತ್ತು ಜನರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು. 90 ದಿನ ದಾಟಿದ ನಮೂದು ಪರದೆಯ ಮೇಲೆ ಕೆಂಪಾಗಿ ಕಾಣಬೇಕು. ಅಂಥ ಮಾಹಿತಿಯನ್ನು ಕೊಡುವ ಮುನ್ನ ಸಿಬ್ಬಂದಿಯೇ ಆ ಕಚೇರಿಗೊಮ್ಮೆ ಕರೆ ಮಾಡಿ ಕೇಳಬೇಕು. ವರ್ಗಾವಣೆ ಮುಗಿದ ಮೇಲೆ, ಜುಲೈನಲ್ಲಿ, ಎಲ್ಲ ಫೋನ್ ನಂಬರುಗಳನ್ನೂ ಮತ್ತೊಮ್ಮೆ ನೋಡಬೇಕು.

ಇನ್ನು ಪ್ರಶ್ನೆ ಕೇಳುವ ಬಗೆ. 'ಪಿಂಚಣಿ ನಿಂತಿದೆ' ಎಂಬ ಕರೆಗೆ 'ನಾಡಕಚೇರಿಗೆ ಹೋಗಿ ವಿಚಾರಿಸಿ' ಎಂದರೆ ಕರೆ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ, ಸಮಸ್ಯೆ ಹಾಗೆಯೇ ಉಳಿಯುತ್ತದೆ. ಕೇಳಬೇಕಾದದ್ದು ಬೇರೆ. ಕೊನೆಯ ಬಾರಿ ಹಣ ಬಂದದ್ದು ಯಾವ ತಿಂಗಳು? ಖಾತೆ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ? ಅದಾದ ಮೇಲೆ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದ್ದೀರಾ? ಈ ಮೂರನೆಯ ಪ್ರಶ್ನೆಯಲ್ಲೇ ಎಷ್ಟೋ ಸಲ ಉತ್ತರ ಸಿಕ್ಕಿಬಿಡುತ್ತದೆ. ಆಧಾರ್ ಆಧಾರಿತ ನೇರ ನಗದು ವರ್ಗಾವಣೆ (ಡಿಬಿಟಿ) ಪಾವತಿ ಹೋಗುವುದು ಕೊನೆಯಲ್ಲಿ ಆಧಾರ್ ಜೋಡಣೆಯಾದ ಖಾತೆಗೆ. ಸಾಲಕ್ಕೋ ಸಂಘದ ಉಳಿತಾಯಕ್ಕೋ ತೆರೆದ ಖಾತೆಯಲ್ಲಿ ಹಣ ಬಂದು ಕೂತಿರುತ್ತದೆ, ವೃದ್ಧರು ಮಾತ್ರ ಹಳೆಯ ಪಾಸ್‌ಬುಕ್ ಹಿಡಿದು ಅಲೆಯುತ್ತಿರುತ್ತಾರೆ. ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆ ಎಂಬುದು ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲೂ, ಪಾವತಿಯ ವಿವರ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ಸಿಗುತ್ತದೆ. ಆದರೆ ಒಟಿಪಿ ಬರುವ ಮೊಬೈಲ್ ಕೈಯಲ್ಲಿಲ್ಲದವರಿಗೆ ಅದು ದಕ್ಕುವುದಿಲ್ಲ. ಕರೆ ಮಾಡಿದವರ ಒಪ್ಪಿಗೆ ಪಡೆದು ಪಾವತಿಯ ಸ್ಥಿತಿಯನ್ನು ನೋಡುವಷ್ಟು, ಬರೀ ನೋಡುವಷ್ಟು, ಅವಕಾಶವನ್ನು ಸಹಾಯವಾಣಿ ಸಿಬ್ಬಂದಿಗೆ ಕೊಡಬೇಕು. ತಿದ್ದುವ ಅಧಿಕಾರ ಬೇಡ. ಪ್ರತಿ ವೀಕ್ಷಣೆಯೂ ಯಾರು, ಯಾವಾಗ, ಯಾಕೆ ನೋಡಿದರು ಎಂದು ದಾಖಲಾಗಲಿ.

ಹೀಗೆ ಸರಿಯಾಗಿ ಕೇಳಿದರೆ ಕರೆ ಉದ್ದವಾಗುತ್ತದೆ. ಆಗ ಸಿಬ್ಬಂದಿಯ ಲೆಕ್ಕವೂ ಬದಲಾಗುತ್ತದೆ. ಗಂಟೆಗೆ 60 ಕರೆ, ಕರೆಯೊಂದಕ್ಕೆ ದಾಖಲಿಸುವ ಸಮಯವೂ ಸೇರಿ 6 ನಿಮಿಷ ಎಂದರೆ ನೂರಕ್ಕೆ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಲು 9 ಜನ ಕುರ್ಚಿಯಲ್ಲಿರಬೇಕು. ಅದೇ 12 ನಿಮಿಷವಾದರೆ 16 ಜನ. ಊಟ, ರಜೆ, ತರಬೇತಿಗೆಂದು ಶೇ 30 ಕಳೆದರೆ ಆ ಪಾಳಿಗೆ 23 ಜನರನ್ನು ನೇಮಿಸಬೇಕು. ಸಹಾಯವಾಣಿ ನಡೆಸುವ ಸಂಸ್ಥೆಗೆ ಕರೆಗಳ ಎಣಿಕೆಯ ಮೇಲೆ ಹಣ ಕೊಡುವ ಷರತ್ತು ಟೆಂಡರಿನಲ್ಲಿ ಇದ್ದರೆ ಕರೆಯನ್ನು ಬೇಗ ಮುಗಿಸಿದವರಿಗೇ ಲಾಭ. ಷರತ್ತು ಹಾಗಿರುವಾಗ ಸಿಬ್ಬಂದಿಯನ್ನು ದೂರುವುದು ಅನ್ಯಾಯ.

ಮತ್ತೊಂದು ಇಲಾಖೆಗೆ ಕರೆ ದಾಟಿಸುವ ಗಳಿಗೆಯಲ್ಲೇ ಅತಿ ಹೆಚ್ಚು ಜನ ಕೈತಪ್ಪಿ ಹೋಗುತ್ತಾರೆ. ಕರೆ ಮಾಡಿದವರು, ಸಿಬ್ಬಂದಿ, ಆ ಇಲಾಖೆಯವರು ಮೂವರೂ ಒಂದೇ ಕರೆಯಲ್ಲಿದ್ದು, ಸಿಬ್ಬಂದಿಯೇ ಎರಡು ವಾಕ್ಯದಲ್ಲಿ ವಿಷಯ ಹೇಳಿ, ಆ ಕಡೆಯವರು ಮಾತು ಶುರು ಮಾಡಿದ ಮೇಲೆ ಹೊರಬರಬೇಕು. ಬರೇ ತಿರುಗಿಸಿಬಿಟ್ಟರೆ ಎರಡು ತೊಂದರೆ: ನೊಂದವರು ಅದೇ ಕಥೆಯನ್ನು ಮೊದಲಿಂದ ಹೇಳಬೇಕು, ಮತ್ತು ದಾಟಿಸುವಾಗ ಮೂಲ ನಂಬರ್ ಆ ಕಡೆಯ ಪರದೆಗೆ ಹೋಗದಿದ್ದರೆ ಕರೆ ಕಡಿದಾಗ ವಾಪಸ್ ಮಾಡಲು ದಾರಿಯೇ ಇರುವುದಿಲ್ಲ. ಆತ್ಮಹತ್ಯೆಯ ಯೋಚನೆಯಲ್ಲಿರುವವರನ್ನು 14416ಕ್ಕೆ ದಾಟಿಸುವಾಗ ಈ ಶಿಸ್ತು ತಪ್ಪಲೇಬಾರದು.

ಭಾಷೆಯ ವಿಷಯದಲ್ಲಿ 'ಕನ್ನಡದಲ್ಲಿ ಸೇವೆ ಲಭ್ಯ' ಎಂದರೆ ಸಾಲದು. ಉತ್ತರ ಕರ್ನಾಟಕದಿಂದ ಒಬ್ಬರು 'ಸೊಸಿ ಹೊಟ್ಟೀಲೆ ಅದಾಳ್ರೀ' ಎಂದರೆ ಸೊಸೆ ಬಸುರಿ ಎಂದರ್ಥ. ಆ ಮಾತಿನ ಪರಿಚಯವಿಲ್ಲದವರು ಅದನ್ನು ಹೊಟ್ಟೆಯ ತೊಂದರೆ ಎಂದು ಬರೆದುಕೊಂಡರೆ ಮುಂದಿನ ಪ್ರಶ್ನೆಗಳೆಲ್ಲ ದಿಕ್ಕು ತಪ್ಪುತ್ತವೆ. 'ಜೀವ ಬ್ಯಾಸತ್ತೈತಿ', 'ಸಾಕಾಗಿಹೋಗಿದೆ' ಎಂಬ ಮಾತುಗಳ ಹಿಂದೆ ಬದುಕು ಬೇಡವೆನ್ನುವ ಭಾವವಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳುವುದನ್ನು ಕಲಿಸಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಪ್ರದೇಶವಾರು ಪದಪಟ್ಟಿ ತರಬೇತಿಯ ಭಾಗವಾಗಲಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಬಲ್ಲವರು ಯಾವ ಪಾಳಿಯಲ್ಲಿದ್ದಾರೆ ಎಂಬುದು ಪರದೆಯಲ್ಲಿ ಕಾಣಲಿ. ಕಿವುಡರಿಗೆ ಫೋನ್ ಕರೆಯೇ ಗೋಡೆ. ಅವರಿಗೆ ಸಂದೇಶದ ಮೂಲಕ ಮತ್ತು ಭಾರತೀಯ ಸಂಜ್ಞಾ ಭಾಷೆಯ ವಿಡಿಯೋ ಕರೆಯ ಮೂಲಕ ಸೇವೆ ಬೇಕು. ಒತ್ತಬೇಕಾದ ಗುಂಡಿಗಳ ಆಯ್ಕೆ ಮೂರಕ್ಕಿಂತ ಹೆಚ್ಚಿರಬಾರದು. ಏನನ್ನೂ ಒತ್ತದವರ ಕರೆಯನ್ನು ಕಡಿಯದೆ ಮನುಷ್ಯರಿಗೇ ಕೊಡಬೇಕು.

ಕರೆ ಮುಗಿದ ಕೂಡಲೇ ತಾನಾಗಿ ಎಸ್‌ಎಂಎಸ್ ಹೋಗುವ ವ್ಯವಸ್ಥೆ ಅನುಕೂಲವೇ, ಆದರೆ ಎಲ್ಲರಿಗೂ ಅಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿನ ಫೋನ್ ಗಂಡನ ಕೈಯಲ್ಲೂ ಇರುತ್ತದೆ. 'ಸಖಿ ಕೇಂದ್ರದ ವಿಳಾಸ' (ಹಿಂಸೆಗೆ ಒಳಗಾದ ಮಹಿಳೆಯರ ನೆರವಿನ ಕೇಂದ್ರ) ಎಂಬ ಒಂದು ಸಾಲು ಆಕೆಯ ಜೀವಕ್ಕೇ ಕುತ್ತು ತಂದೀತು. 'ಈಗ ಮಾತನಾಡಬಹುದೇ? ಈ ನಂಬರಿಗೆ ಸಂದೇಶ ಕಳಿಸಬಹುದೇ? ವಾಪಸ್ ಕರೆ ಮಾಡಲು ಇದೇ ಹೊತ್ತು ಒಳ್ಳೆಯದೇ?' ಈ ಮೂರನ್ನು ಹೌದು–ಇಲ್ಲ ಎಂದು ಉತ್ತರಿಸುವಂತೆ ಮೊದಲೇ ಕೇಳಿ ದಾಖಲಿಸಬೇಕು. ಸಿಬ್ಬಂದಿ ಗುಟ್ಟು ಕಾಯಬೇಕು, ಆದರೆ ಅದಕ್ಕೂ ಮಿತಿಯಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಮಾಡುವುದು ಕಡ್ಡಾಯ. ಇದನ್ನು ಕರೆ ಮಾಡಿದವರಿಗೆ ಮುಚ್ಚಿಡದೆ ತಿಳಿಸಬೇಕು.

2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ 108 ಸೇವೆ ರಾಜ್ಯದಾದ್ಯಂತ ಅಸ್ತವ್ಯಸ್ತವಾದದ್ದನ್ನು ಓದುಗರು ಮರೆತಿರಲಾರರು. ಬೇರೊಂದು ಊರಿನಲ್ಲಿ ಪರ್ಯಾಯ ಕೇಂದ್ರವಿದ್ದು, ತಿಂಗಳಿಗೊಮ್ಮೆ ನಿಜವಾದ ಕರೆಗಳನ್ನೇ ಅತ್ತ ತಿರುಗಿಸಿ ನೋಡುವ ಅಭ್ಯಾಸ ಸಹಾಯವಾಣಿ ನಡೆಸುವ ಸಂಸ್ಥೆಯೊಂದಿಗಿನ ಒಪ್ಪಂದದಲ್ಲಿ ಇರಬೇಕು.

ಕಡೆಯದಾಗಿ, ನಮ್ಮ ಮುಖ್ಯ ಒತ್ತಾಯ. 'ಇಷ್ಟು ಲಕ್ಷ ಕರೆ ಸ್ವೀಕರಿಸಿದ್ದೇವೆ' ಎಂಬ ವರದಿಯನ್ನು ಸಾಧನೆ ಎಂದು ಒಪ್ಪಬೇಡಿ. ಕೆಲಸವಾಗದೆ ನಾಲ್ಕು ಸಲ ಕರೆ ಮಾಡಿದವರು ಆ ಲೆಕ್ಕದಲ್ಲಿ ನಾಲ್ಕು ಸಾಧನೆಯಾಗಿಬಿಡುತ್ತಾರೆ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡುವ 'ಸಕಾಲ' ಯೋಜನೆಯಲ್ಲಿ ಅರ್ಜಿಗೊಂದು ಗುರುತಿನ (ಜಿಎಸ್‌ಸಿ) ಸಂಖ್ಯೆ ಇರುವಂತೆ ಇಲ್ಲಿಯೂ ಪ್ರತಿ ಕೋರಿಕೆಗೆ ಒಂದೇ ಸಂಖ್ಯೆ ಇರಲಿ. ಎಷ್ಟು ಸಲ ಕರೆ ಮಾಡಿದರೂ, ಯಾವ ಇಲಾಖೆಗೆ ದಾಟಿದರೂ ಅದು ಬದಲಾಗದಿರಲಿ. ವೃದ್ಧರು, ಅಂಗವಿಕಲರು, ಗರ್ಭಿಣಿಯರು, ಹಿಂಸೆಗೆ ಒಳಗಾದವರಿಗೆ ಒಪ್ಪಿಗೆಯಿದ್ದರೆ ಮೂರನೆಯ ದಿನ ಮತ್ತು ಹದಿನೈದನೆಯ ದಿನ ವಾಪಸ್ ಕರೆ ಹೋಗಲಿ. ಆತ್ಮಹತ್ಯೆಯ ಅಪಾಯವಿದ್ದರೆ 24 ಗಂಟೆಯೊಳಗೆ. ಗುರುತಿಲ್ಲದ ಹತ್ತಂಕಿ ನಂಬರಿನಿಂದ ಬಂದ ಕರೆಯನ್ನು ಜನ ಎತ್ತುವುದಿಲ್ಲ. ಸರ್ಕಾರಿ ಸೇವಾ ಕರೆಗಳಿಗೆ ಮೀಸಲಾದ 1600 ಸರಣಿಯ ನಂಬರಿನಿಂದಲೇ ಮಾಡಬೇಕು, ಯಾವ ನಂಬರಿನಿಂದ ಕರೆ ಬರುತ್ತದೆಂದು ಮೊದಲ ಸಲವೇ ಹೇಳಿರಬೇಕು. ಆಗ ಕೇಳಬೇಕಾದ್ದು 'ನಮ್ಮ ಸೇವೆ ತೃಪ್ತಿ ತಂದಿತೇ?' ಎಂದಲ್ಲ. 'ಹೋದಿರಾ? ಸಿಕ್ಕಿತೇ? ಇಲ್ಲವಾದರೆ ಯಾವ ಕೌಂಟರಿನಿಂದ, ಏನು ಹೇಳಿ ವಾಪಸ್ ಕಳಿಸಿದರು?' ಇದಕ್ಕೆ ಬಂದ ಉತ್ತರಗಳನ್ನು ಹೆಸರು, ಊರು ತೆಗೆದು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಿ, ಜಿಲ್ಲಾಧಿಕಾರಿಗಳ ಮಾಸಿಕ ಪ್ರಗತಿ ಪರಿಶೀಲನಾ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಆರೋಗ್ಯ, ಕಂದಾಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗಳನ್ನು ಕೋರುತ್ತೇವೆ.

ಇಂತಿ,
ಸಹಾಯವಾಣಿ ಮತ್ತು ಸಮಾಜಸೇವಾ ಕಾರ್ಯಕರ್ತರು