ಮಗಳಿಗೊಂದು ಪತ್ರ: ಏರಿನಲ್ಲಿ ಗಟ್ಟಿಯಾಗುವ ಬ್ರೇಕ್

ಮಗಳೇ,

ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಸಂಪಾಜೆ ಘಾಟಿ ಹತ್ತಿ ಮದೆನಾಡು ದಾಟಿದ ಮೇಲೆ ತಿರುವಿನಲ್ಲಿ ದನ ಅಡ್ಡ ಬಂತು, ಬ್ರೇಕ್ ತುಳಿದರೆ ಪೆಡಲ್ ಜಗ್ಗಲೇ ಇಲ್ಲ, ಕಾಲೆತ್ತಿ ಮತ್ತೆ ತುಳಿದರೆ ಎಂದಿನ ಹಾಗೆ ಹಿಡಿಯಿತು ಅಂದೆಯಲ್ಲ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, "ಏನೂ ಇಲ್ಲ ಮೇಡಂ, ಘಾಟಿಯಲ್ಲಿ ಬ್ರೇಕ್ ಬಿಸಿಯಾಗಿರುತ್ತೆ" ಅಂದರಂತೆ. ನಾನು ಒಪ್ಪುವುದಿಲ್ಲ. ಬ್ರೇಕ್ ಬಿಸಿಯಾಗುವುದು ಘಾಟಿ ಇಳಿಯುವಾಗ, ಹತ್ತುವಾಗಲ್ಲ. ಬಿಸಿಯಾದರೆ ಲೈನರ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ, ಗಾಡಿ ನಿಲ್ಲಿಸಿ ಆರಲು ಬಿಡುವವರೆಗೆ ಸರಿಹೋಗುವುದಿಲ್ಲ. ಎರಡನೇ ಸಲ ತುಳಿದಾಗ ಸರಿಹೋಗುವ ಬ್ರೇಕಿನ ಕಾಯಿಲೆಯೇ ಬೇರೆ.

ಬಾನೆಟ್ ಎತ್ತಿದರೆ ಡ್ರೈವರ್ ಕಡೆ, ಬ್ರೇಕ್ ಆಯಿಲ್ ಡಬ್ಬಿಯ ಹಿಂದೆ ದುಂಡಗಿನ ಕಪ್ಪು ಡ್ರಮ್ ಇದೆಯಲ್ಲ, ಅದೇ ಬೂಸ್ಟರ್. ಅದರೊಳಗೆ ಒಂದು ರಬ್ಬರ್ ಪರದೆ. ಇಂಜಿನ್ ತನ್ನ ಉಸಿರಿನ ದಾರಿಯಿಂದ, ಒಂದು ದಪ್ಪ ರಬ್ಬರ್ ಪೈಪಿನ ಮೂಲಕ ಅಲ್ಲಿಯ ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ನೀನು ಪೆಡಲ್ ತುಳಿದಾಗ ಪರದೆಯ ಹಿಂಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಆ ಒತ್ತಡ ನಿನ್ನ ಕಾಲಿನ ಜೊತೆ ಸೇರಿ ಬ್ರೇಕನ್ನು ಒತ್ತುತ್ತದೆ. ಪೈಪಿನಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ, ಮೆಕ್ಯಾನಿಕ್‌ಗಳು ನಾನ್ ರಿಟರ್ನ್ ಅನ್ನುತ್ತಾರೆ. ಇಂಜಿನ್ ಎಳೆಯದ ಹೊತ್ತಿನಲ್ಲೂ ಬೂಸ್ಟರಿನ ವ್ಯಾಕ್ಯೂಮ್, ಅಂದರೆ ಗಾಳಿ ಎಳೆದು ಆದ ಖಾಲಿತನ, ಸೋರಿಹೋಗದಂತೆ ಹಿಡಿದಿಡುವುದು ಅದರ ಕೆಲಸ.

ಪೆಟ್ರೋಲ್ ಇಂಜಿನ್ ಯಾವಾಗ ಎಳೆಯುವುದಿಲ್ಲ ಗೊತ್ತಾ? ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ. ಆಗ ವ್ಯಾಕ್ಯೂಮ್ ಹೆಚ್ಚುಕಡಿಮೆ ಇರುವುದೇ ಇಲ್ಲ, ವಾಲ್ವ್ ಹಿಡಿದಿಟ್ಟದ್ದೇ ಗತಿ. ವಾಲ್ವ್ ಸೋರುತ್ತಿದ್ದರೆ ಆ ದಾಸ್ತಾನು ಏರಿನಲ್ಲೇ ಖಾಲಿ. ದನ ಕಂಡು ತುಳಿದ ಮೊದಲ ತುಳಿತಕ್ಕೆ ಸಹಾಯವೇ ಇಲ್ಲ. ಅಷ್ಟರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರುತ್ತೀಯ, ಇಂಜಿನ್ ಮತ್ತೆ ಎಳೆಯುತ್ತದೆ, ಎರಡನೇ ತುಳಿತ ಸರಿ. ಸಪಾಟು ರಸ್ತೆಯಲ್ಲಿ ಗ್ಯಾರೇಜಿನವರಿಗೆ ಇದು ಕಾಣಿಸುವುದಾದರೂ ಹೇಗೆ? ಅವರು ಹುಡುಕಿದ ಜಾಗದಲ್ಲಿ ರೋಗವೇ ಇರಲಿಲ್ಲ.

ಹಾಗಾಗಿ ನನ್ನ ಅನುಮಾನ ಮೊದಲು ವಾಲ್ವಿನ ಮೇಲೆ, ಆಮೇಲೆ ಪೈಪಿನ ಮೇಲೆ. ಬಿಟ್ಟು ಬಿಟ್ಟು ಬರುವ ತೊಂದರೆಗೂ ಅದರದೇ ಹೊತ್ತಿರುತ್ತದೆ. ಏರೋ ಇಳಿಜಾರೋ, ಇಂಜಿನ್ ಕಾದಿತ್ತೋ ಇಲ್ಲವೋ, ಮೊದಲ ತುಳಿತವೋ ಐದನೆಯದೋ, ಆದಾಗಲೆಲ್ಲ ಬರೆದಿಡು. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುವುದರಿಂದ ಇಂಜಿನ್ನಿನ ಎಳೆತ ಅತಿ ಜೋರಾಗಿರುತ್ತದೆ. ಆಗಲೂ ನಾಲ್ಕಾರು ಸಲ ತುಳಿದ ಮೇಲೆ ಪೆಡಲ್ ಗಟ್ಟಿಯಾದರೆ ತಪ್ಪು ವಾಲ್ವಿನದಲ್ಲ, ಪೈಪಿನದಿರಬಹುದು. ಹಳೇ ಪೈಪು ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಬ್ಬರ್ ಮೆತ್ತಗಾಗಿ ಪದರ ಬಿಟ್ಟಿರುತ್ತದೆ. ನೆನೆದ ಕಾಗದದ ಸ್ಟ್ರಾದಲ್ಲಿ ಎಳನೀರು ಎಳೆದರೆ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ಹಾಗೆ ಕಾದಾಗ ಮುಚ್ಚಿಕೊಂಡು, ತಣಿದಾಗ ಬಿಚ್ಚಿಕೊಳ್ಳುತ್ತದೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದ್ದರಿಂದ ಇಲಿ ಕಡಿದಿದೆಯೇ ಅಂತಲೂ ಕೈಯಾಡಿಸಿ ನೋಡು.

ಪರೀಕ್ಷೆಗೆ ದುಡ್ಡು ಬೇಡ. ಇಂಜಿನ್ ಆಫ್ ಇರುವಾಗ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿ, ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡು. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ಎಳೆತವೇ ಬರುತ್ತಿಲ್ಲ, ಇಲ್ಲವೇ ಬೂಸ್ಟರ್ ಕೆಟ್ಟಿದೆ. ನಿನ್ನ ತೊಂದರೆಗೆ ಮುಖ್ಯವಾದದ್ದು ಇನ್ನೊಂದು, ಅದನ್ನು ಇಂಜಿನ್ ಚೆನ್ನಾಗಿ ಕಾದ ಮೇಲೇ ಮಾಡು. ಆಫ್ ಮಾಡಿ, ಪೆಡಲ್ ಮುಟ್ಟದೆ ಐದು ಹತ್ತು ನಿಮಿಷ ಬಿಟ್ಟು ತುಳಿ. ಮೊದಲ ತುಳಿತ ಮೆತ್ತಗೆ ಆಳಕ್ಕೆ ಹೋಗಿ, ಮುಂದಿನವು ಒಂದೊಂದಾಗಿ ಗಟ್ಟಿಯಾದರೆ ವ್ಯಾಕ್ಯೂಮ್ ನಿಂತಿದೆ ಅಂತ. ಮೊದಲನೆಯದೇ ಗಟ್ಟಿಯಿದ್ದರೆ ಸೋರಿಹೋಗಿದೆ. ಆಗ ವಾಲ್ವ್ ಬಿಚ್ಚಿಸಿ, ಒರೆಸಿ, ಬಾಯಿಂದ ಊದಿ ನೋಡು. ಬೂಸ್ಟರ್ ಕಡೆಯಿಂದ ಇಂಜಿನ್ ಕಡೆಗೆ ಗಾಳಿ ಹೋಗಬೇಕು, ತಿರುಗಿಸಿ ಊದಿದರೆ ಒಂದಿಷ್ಟೂ ಹೋಗಬಾರದು. ವಾಲ್ವ್ ಕೂರುವ ರಬ್ಬರ್ ಬಿರುಕು ಬಿಟ್ಟಿದ್ದರೂ ಇದೇ ಕಥೆ. ಪೆಡಲ್ ಒತ್ತಿದಾಗ ಕಾಲ ಬಳಿ ಬುಸ್ ಅನ್ನುತ್ತಲೇ ಇದ್ದು ಇಂಜಿನ್ನಿನ ಸ್ಲೋ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಓಟ, ಏರುಪೇರಾದರೆ ಬೂಸ್ಟರನ್ನೇ ಬದಲಿಸಬೇಕು. ಬ್ರೇಕ್ ಆಯಿಲ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಆ ಆಯಿಲ್ ಡಬ್ಬಿಯ ಕೆಳಗಿರುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿ ಬೂಸ್ಟರಿನೊಳಗೆ ಇಳಿಯುತ್ತಿದೆಯೇ ನೋಡಲು ಹೇಳು.

ವ್ಯಾಕ್ಯೂಮ್ ಮೀಟರ್ ಹಾಕಿ ನೋಡುವವರಿಗೆ ಒಂದು ಮಾತು ಹೇಳಲೇಬೇಕು. ಸಮುದ್ರದ ಮಟ್ಟದಲ್ಲಿ ಒಳ್ಳೆಯ ಇಂಜಿನ್ ಸ್ಲೋದಲ್ಲಿ 18ರಿಂದ 22 ಇಂಚು (ಪಾದರಸದ ಅಳತೆಯಲ್ಲಿ) ವ್ಯಾಕ್ಯೂಮ್ ತೋರಿಸುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಪ್ರತಿ ಸಾವಿರ ಅಡಿಗೆ ಒಂದಿಂಚು ಕಡಿಮೆ. ಮಂಗಳೂರಿನಲ್ಲಿ 19 ತೋರಿಸಿದ ಗಾಡಿ ಇಲ್ಲಿ 15 ತೋರಿಸಿದರೆ ಇಂಜಿನ್ ಕೆಟ್ಟಿಲ್ಲ, ಗಾಳಿಯೇ ತೆಳು. ಬೂಸ್ಟರಿನ ಬಲವೂ ಇಲ್ಲಿ ಅಷ್ಟು ಕಮ್ಮಿ, ಅದಕ್ಕೇ ಸಣ್ಣ ಸೋರಿಕೆಯೂ ನಮ್ಮೂರಿನ ದಾರಿಯಲ್ಲಿ ಬೇಗ ಗೊತ್ತಾಗುತ್ತದೆ.

ಇಷ್ಟರ ನಡುವೆ ಮತ್ತೆ ಪೆಡಲ್ ಗಟ್ಟಿಯಾದರೆ ಬ್ರೇಕೇ ಹೋಯಿತು ಅಂತ ಹೆದರಬೇಡ. ಬ್ರೇಕ್ ಇದೆ, ಸಹಾಯ ಮಾತ್ರ ಇಲ್ಲ. ಬೆನ್ನು ಸೀಟಿಗೆ ಒತ್ತಿ, ಬೇಕಾದರೆ ಎರಡೂ ಕಾಲಿಂದ ಇರುವ ಬಲವೆಲ್ಲ ಹಾಕಿ ತುಳಿ, ಗೇರ್ ಇಳಿಸು, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಗಾಡಿ ಬಿಡುವವರನ್ನು ನಾನು ಎಷ್ಟೋ ನೋಡಿದ್ದೇನೆ. ಯಾರು ಹೇಳಿಕೊಟ್ಟರೂ ನೀನು ಅದನ್ನು ಮಾಡಕೂಡದು. ಎರಡು ಮೂರು ತುಳಿತಕ್ಕೆ ಬೂಸ್ಟರ್ ಖಾಲಿ, ಗೇರಿನ ಹಿಡಿತವೂ ಇಲ್ಲ, ಕೀ ಪೂರ್ತಿ ತಿರುಗಿಸಿದ್ದರೆ ಸ್ಟಿಯರಿಂಗೂ ಲಾಕ್ ಆಗಬಹುದು. ಜೋಡುಪಾಲದ ತಿರುವುಗಳಲ್ಲಿ, ಅದೂ ಮಳೆಗಾಲದಲ್ಲಿ, ಹಾಗಾದರೆ ಏನಾಗಬಹುದು ಅಂತ ನೆನೆದರೇ ನನಗೆ ಕೈಕಾಲು ನಡುಗುತ್ತದೆ.

ಈ ವಾರ ಬಸ್ಸಿನಲ್ಲೇ ಬಾ. ಗಾಡಿಯನ್ನು ಗ್ಯಾರೇಜಿಗೆ ಕೊಡುವಾಗ "ಬ್ರೇಕ್ ನೋಡಿ" ಅನ್ನಬೇಡ, "ಕಾದ ಇಂಜಿನ್, ಏರು, ಮೊದಲ ತುಳಿತ ಮಾತ್ರ ಗಟ್ಟಿ" ಅಂತ ಹೇಳು. ಪೈಪ್ ಹಾಕುವುದಾದರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪೇ ಆಗಬೇಕು, ಅಳತೆ ಸರಿಹೋಗುತ್ತದೆ ಅಂತ ನೀರಿನ ಪೈಪ್ ತುಂಡರಿಸಿ ಹಾಕಲು ಬಿಡಬೇಡ, ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ. ವಾಲ್ವ್ ಮೇಲೆ ಬಾಣದ ಗುರುತಿದ್ದರೆ ಅದು ಇಂಜಿನ್ ಕಡೆಗೇ ಇದೆಯೇ ಅಂತ ನೀನೇ ಬಗ್ಗಿ ನೋಡು. ಬಿಚ್ಚಿದ ಹಳೇ ಪೈಪನ್ನು ಕೇಳಿ ತೆಗೆದುಕೋ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಳಗೆ ಹೇಗಿದೆ ಅಂತ ನೋಡಿ ನನಗೆ ಫೋಟೋ ಕಳಿಸು.

ನಿನ್ನ
ಅಮ್ಮ